ಕೊಟ್ರಪ್ಪ ಅಂಟಿಸಿದ ಪಕ್ಕೆಲುಬು

ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಕೊಟ್ರಪ್ಪನ ಮಗ ಕಳಕಪ್ಪನಿಗೆ ಡಾಕ್ಟರಾಗುವ ಹುಚ್ಚು ಹತ್ತಿದ್ದು ಜನಸೇವೆಯ ಆಸೆಯಿಂದಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಮರದಿಂದ ಬಿದ್ದು ಅವನ ಮೊಣಕೈ ಕೀಲು ತಪ್ಪಿತ್ತು. ಕೊಪ್ಪಳದ ದವಾಖಾನೆಯ ಡಾಕ್ಟರು ಒಂದೇ ಸಲ ಜಗ್ಗಿ ಕೂಡಿಸಿದರು. ಅಳಲೆಂದು ತೆರೆದ ಬಾಯಲ್ಲೇ ಹುಡುಗ ಕೇಳಿದ, "ಅಂಟು ಹಚ್ಚಲೇ ಇಲ್ಲಲ್ರೀ?"

ಅವನ ಮನೆಯಲ್ಲಿ ಹುಣಸೆಬೀಜದ ಅಂಟಿಲ್ಲದೆ ಯಾವ ಕೈಯೂ ಕೂಡುತ್ತಿರಲಿಲ್ಲ. ಗೊಂಬೆಗಳಿಗೆ ಕೈ ಕೊಡುವುದೇ ಕೊಟ್ರಪ್ಪನ ಕಸುಬು; ಹಾಗಂತ ಗಿರಾಕಿಗಳಿಗೆ ಎಂದೂ ಕೈ ಕೊಟ್ಟವನಲ್ಲ. ಅಂಟಿಲ್ಲದೆ ಕೈ ಕೂಡಿಸುವ ಈ ಡಾಕ್ಟರು ತನ್ನಪ್ಪನಿಗಿಂತ ದೊಡ್ಡ ಕಸುಬುದಾರ ಎಂದು ಮಗ ಅಲ್ಲೇ ತೀರ್ಮಾನಿಸಿದ. ಅದನ್ನು ಮನೆಗೆ ಬಂದು ಹೇಳಿ ಒಂದು ಏಟನ್ನೂ ತಿಂದ.

ಆಗ ನಿಜಾಮರ ಕಾಲ. ಕೊಪ್ಪಳದ ಹೈಸ್ಕೂಲಿನಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಅತ್ತೆಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಕಳಕಪ್ಪ ಮೊದಲ ವರ್ಷ ಬಲದಿಂದ ಓದಬೇಕಾದ ಬೋರ್ಡನ್ನು ಎಡದಿಂದ ಓದಿ ಬಲಗೆನ್ನೆಗೆ ಏಟು ತಿಂದ. ಪಕ್ಕದ ಮನೆಯ ಮುದುಕಿ ನೂರಜಾನಬಿ, ದಿನಕ್ಕೆ ನಾಲ್ಕು ಕೊಡ ನೀರು ಸೇದಿ ಹಾಕುವ ಷರತ್ತಿನ ಮೇಲೆ ಅವನಿಗೆ ಭಾಷೆ ಕಲಿಸಿದಳು. ಎರಡನೆಯ ವರ್ಷಕ್ಕೆ ಬೈಗುಳ ತಿಳಿಯುವಷ್ಟಾದ. ಮೂರನೆಯ ವರ್ಷಕ್ಕೆ, ಯಾಕೆ ಬೈತೀರಿ ಎಂದು ಕೇಳುವಷ್ಟು. ಇದಕ್ಕೇ ವಿದ್ಯಾಭ್ಯಾಸ ಎನ್ನುತ್ತಾರೆ.

೧೯೩೯ರಲ್ಲಿ, ಅವನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಇನ್ಸ್‌ಪೆಕ್ಟರ್ ಸಾಹೇಬರು ಬಂದು ಶಾಲೆಯ ಕಪಾಟು ತೆರೆಸಿದರು. ಒಳಗೆ ಒಂದು ಗಾಜಿನ ನಳಿಗೆ, ಎರಡು ಜಿರಳೆ. "ಅಸ್ಥಿಪಂಜರ ಎಲ್ಲಿ? ಮುಂದಿನ ತಿಂಗಳು ಬರ್ತೀನಿ. ಆಗಲೂ ಇರದಿದ್ದರೆ ವಿಜ್ಞಾನದ ತರಗತಿ ಬಂದ್," ಎಂದು ಹೊರಟುಹೋದರು. ವಿಜ್ಞಾನ ಹೋದರೆ ಡಾಕ್ಟರಿಕೆ ಹೋದಂತೆಯೇ. ಉಳ್ಳವರ ಮಕ್ಕಳು ಹೈದರಾಬಾದಿಗೆ ಹೋಗಿ ಓದುತ್ತಾರೆ. ಕಳಕಪ್ಪ ಕಿನ್ನಾಳಕ್ಕೆ ಹೋಗಿ ಮರ ಕೆತ್ತಬೇಕು.

ವಿಜ್ಞಾನದ ಮಾಸ್ತರು ಮಕ್ಬುಲಸಾಬರು ತಲೆ ಹಿಡಿದು ಕೂತಾಗ ಕಳಕಪ್ಪ ಎದ್ದು ನಿಂತ. "ನಮ್ಮಪ್ಪ ಮಾಡಿಕೊಡ್ತಾನ್ರಿ ಸರ್." ಅಪ್ಪನನ್ನು ಕೇಳಿರಲಿಲ್ಲ.

"ಏಳು ತಲಿಮಾರಿನಿಂದ ದೇವರ ಮಾಡೇವಿ. ಈಗ ಹೆಣ ಮಾಡಂತಿಯೇನಲೇ?" ಕೊಟ್ರಪ್ಪ ಉಳಿ ಕೆಳಗಿಟ್ಟ.

"ಹೆಣ ಅಲ್ಲಪ್ಪಾ. ಹೆಣದ ಒಳಗಿಂದು."

"ಅದು ಇನ್ನೂ ಛಲೋ ಆತು ನೋಡು!"

ತಾಯಿ ಶೇಖರಮ್ಮ ಒಳಗಿನಿಂದಲೇ ತೀರ್ಪು ಕೊಟ್ಟಳು. "ದೇವರಿಗೆ ಮೈ ತುಂಬೂದು ನಿಮಗ ರೂಢಿ ಐತಿ. ಹುಡುಗನ ಸಲುವಾಗಿ ಒಂದಕ್ಕ ಮೈ ಬಿಡಿಸಿದ್ರ ಏನ ಗಂಟ ಹೋಕ್ಕೈತಿ?"

ಮಾಸ್ತರು ಕೊಟ್ಟ ಚಿತ್ರ ನೋಡಿಕೊಂಡು ಕೊಟ್ರಪ್ಪ ಇಪ್ಪತ್ತು ದಿನ ದುಡಿದ. ಒಂದೊಂದು ಎಲುಬನ್ನೂ ತೇರಿನ ಕಂಬದಂತೆ ನಯ ಮಾಡಿದ. ಕಣ್ಣು ಬರೆಯದ ಗೊಂಬೆಯನ್ನು ಮನೆಯಿಂದ ಕಳಿಸುವ ಪದ್ಧತಿ ಅವರಲ್ಲಿರಲಿಲ್ಲ. ಹಾಗಾಗಿ ತಲೆಬುರುಡೆಯ ಎರಡು ಗುಳಿಗಳಲ್ಲಿ ಕಿವಿಯವರೆಗೆ ಚಾಚಿದ ಕಣ್ಣು ಮೂಡಿದವು. ಚಕ್ಕಡಿಯಲ್ಲಿ ನಿಲ್ಲಿಸಿ ತರುವಾಗ ದಾರಿಯ ಹೆಂಗಸರು ಕೈಮುಗಿದರು, ಒಬ್ಬಾಕೆ ಹಣೆಗೆ ಕುಂಕುಮವನ್ನೂ ಇಟ್ಟಳು. ಶಾಲೆಗೆ ಬಂದಿಳಿದದ್ದು ಮುತ್ತೈದೆ ಅಸ್ಥಿಪಂಜರ.

ತಂದದ್ದೂ ಇನ್ಸ್‌ಪೆಕ್ಟರು ಬಂದದ್ದೂ ಒಂದೇ ಹೊತ್ತಿಗೆ. ಸಾಹೇಬರು ಅದರ ಕಣ್ಣು ನೋಡಿದರು. ಅದೂ ಅವರನ್ನು ನೋಡಿತು. ಮೊದಲು ದೃಷ್ಟಿ ತೆಗೆದವರು ಸಾಹೇಬರು. ಕಳಕಪ್ಪನನ್ನು ಕರೆದು ಉರ್ದುವಿನಲ್ಲಿ ಕೇಳಿದರು, "ಪಕ್ಕೆಲುಬು ಎಷ್ಟು ಜೋಡಿ? ಎಲ್ಲವೂ ಮುಂದೆ ಬಂದು ಸೇರುತ್ತವೆಯೇ?"

ಕಳಕಪ್ಪ ಗೊಂಬೆಯ ಕಡೆ ನೋಡಿ ಎಣಿಸಿದ. ಹನ್ನೆರಡು ಜೋಡಿ ಸರಿಯಾಗಿದ್ದವು. ಆದರೆ ಕೆಳಗಿನ ಎರಡು ಜೋಡಿ ಮನುಷ್ಯನಲ್ಲಿ ಮುಂದೆ ಎಲ್ಲಿಗೂ ಸೇರುವುದಿಲ್ಲ, ತುದಿ ಬಿಟ್ಟೇ ಇರುತ್ತವೆ. ಕೊಟ್ರಪ್ಪ ಅವನ್ನು ಬಗ್ಗಿಸಿ ತಂದು ಎದೆಗೆ ಭದ್ರವಾಗಿ ಅಂಟಿಸಿದ್ದ. ತುದಿ ಬಿಟ್ಟ ಗೊಂಬೆಯನ್ನು ಗಿರಾಕಿ ವಾಪಸು ತರುತ್ತಾನೆಂಬುದು ಅವನ ಜೀವಮಾನದ ಅನುಭವ.

ತಪ್ಪು ಎಂದರೆ ಗೊಂಬೆ ಫೇಲು, ತರಗತಿಯೂ ಬಂದ್. ಸರಿ ಎಂದರೆ ತಾನೇ ಫೇಲು. ಬಾಗಿಲಲ್ಲಿ ಅಪ್ಪ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ.

"ಹನ್ನೆರಡು ಹುಜೂರ್. ಕೆಳಗಿನ ಎರಡು ಜೋಡಿ ಸೇರೋದಿಲ್ಲ. ಇದರಲ್ಲಿ ಸೇರಿಸಿದ್ದು ತಪ್ಪು."

ಮಕ್ಬುಲಸಾಬರು ಅದನ್ನು ಕನ್ನಡಕ್ಕೆ ತಿರುಗಿಸಿದ್ದೇ ತಡ, ಕೊಟ್ರಪ್ಪ ಒಳಗೇ ಬಂದ. "ನನ್ನ ಕೆಲಸದಾಗ ತಪ್ಪು? ತುದಿ ಬಿಟ್ಟದ್ದನ್ನ ಪೂರಾ ಮಾಡೇನ್ರಿ ನಾನು! ಬಿಟ್ಟಿದ್ರ ಅದು ದೇವರ ತಪ್ಪು!"

ಕಳಕಪ್ಪ ಅಂಗಿ ಬಿಚ್ಚಿದ. ಅವನಿಗೆ ಆಸ್ತಿ ಇರಲಿಲ್ಲ. ಅಸ್ಥಿಯನ್ನಂತೂ ದೂರದಿಂದಲೇ ಎಣಿಸಬಹುದಿತ್ತು. ಅಪ್ಪನ ಬೆರಳು ಹಿಡಿದು ತನ್ನ ಪಕ್ಕೆಗೆ ಒತ್ತಿಸಿ, "ಹಿಡಿದು ನೋಡಪ್ಪಾ," ಎಂದ. ನಲವತ್ತು ವರ್ಷ ಮರ ತಡವಿದ ಬೆರಳು ಎಲುಬಿನ ಗುಂಟ ಹೊರಟು, ತುದಿಗೆ ಬಂದು, ಅಲ್ಲೇ ನಿಂತಿತು. ಇನ್ನೊಂದು ಪಕ್ಕೆಯಲ್ಲೂ ಹಾಗೆಯೇ.

"ಬಿಟ್ಟಾವ..." ಎಂದ ಕೊಟ್ರಪ್ಪ. ಎರಡನೆಯ ಅಭಿಪ್ರಾಯಕ್ಕೆಂದು ಸಾಹೇಬರ ಪಕ್ಕೆಗೂ ಕೈ ಹಾಕಿದ. ತಡೆಯುವವರು ತಡೆಯುವಷ್ಟರಲ್ಲಿ, "ಇವರದು ಸಿಗವಲ್ದು. ಮ್ಯಾಲೆ ಭಾಳ ಐತಿ," ಎಂದು ಕೈಬಿಟ್ಟ. ಮಕ್ಬುಲಸಾಬರು ಇದನ್ನು ಉರ್ದುವಿಗೆ ತಿರುಗಿಸಲಿಲ್ಲ.

ಆಮೇಲೆ ಸೊಂಟದ ಉಳಿ ತೆಗೆದು, ತನ್ನ ಕೆಲಸದಲ್ಲಿ ಎಂದೂ ಬಿಡಿಸದಿದ್ದ ಅಂಟನ್ನು ಎಲ್ಲರ ಮುಂದೆ ಬಿಡಿಸತೊಡಗಿದ. ನಾಲ್ಕು ಎಲುಬಿಗೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಗಟ್ಟಿ ಕೆಲಸ. ಸಾಹೇಬರು ಕುರ್ಚಿಯಿಂದ ಏಳದೆ ನೋಡಿ, ಪುಸ್ತಕದಲ್ಲಿ ಬರೆದರು: "ತಪ್ಪನ್ನು ವಿದ್ಯಾರ್ಥಿ ಕಂಡುಹಿಡಿದ. ನನ್ನ ಸಮಕ್ಷಮ ತಿದ್ದಲಾಯಿತು. ವಿಜ್ಞಾನದ ತರಗತಿಗೆ ಮಂಜೂರಿ."

ಕೊಟ್ರಪ್ಪ ಮಗನನ್ನೂ ಚಕ್ಕಡಿಗೆ ಹತ್ತಿಸಿಕೊಂಡು ಕಿನ್ನಾಳಕ್ಕೆ ಹೊರಟ. "ಮಂದಿ ಮುಂದ ಅಪ್ಪನ ತಪ್ಪ ತೋರಿಸಿದ್ಯಲ್ಲೋ," ಎಂದ.

"ತೋರಿಸದಿದ್ರ ನನ್ನ ಸಾಲಿ ಹೋಗ್ತಿತ್ತಪ್ಪ."

ಕೊಟ್ರಪ್ಪ ಮುಂದಕ್ಕೆ ಬಾಗಿ ಚಕ್ಕಡಿ ಹೊಡೆಯುವವನ ಪಕ್ಕೆ ತಡವಿದ. ಅವನು ಕಚಗುಳಿಯಾಗಿ ಎತ್ತಿನ ಮೇಲೆ ಬೀಳುವುದರಲ್ಲಿದ್ದ.

"ಇವನ್ವೂ ಬಿಟ್ಟಾವ," ಎಂದು ಕೊಟ್ರಪ್ಪ ಮಗನ ಕಡೆ ತಿರುಗಿದ. "ಹೈದರಾಬಾದಿಗೇ ಹೋಗು. ದೇವರ ಕೆಲಸದಾಗ ಇನ್ನೂ ಎಲ್ಲೆಲ್ಲಿ ಹಿಂಗ ಸಡಿಲ ಐತಿ, ಪೂರಾ ಓದಿಕೊಂಡು ಬಾ."