ಹಸಿರು ವೈರು

ಮೇ ತಿಂಗಳು ಬಂತೆಂದರೆ ಡೊಂಬಿವಲಿಯ ನಮ್ಮ ಬಿಲ್ಡಿಂಗಿಗೆ ಬಿಲ್ಡಿಂಗೇ ಖಾಲಿಯಾಗುತ್ತಿದ್ದ ಕಾಲವದು. ಪರೀಕ್ಷೆ ಮುಗಿದ ಮರುದಿನವೇ ಮನೆಮನೆಯ ಬಾಗಿಲಲ್ಲಿ ಟ್ರಂಕು, ನೀರಿನ ಕ್ಯಾನು, ಹಗ್ಗ ಬಿಗಿದ ಚೀಲ. ರತ್ನಾಗಿರಿಯವರು ರತ್ನಾಗಿರಿಗೆ, ನಮ್ಮಂಥವರು ಉಡುಪಿ ಕಡೆಗೆ. ನಾನು ಐದನೆಯ ತರಗತಿ ಮುಗಿಸಿದ ವರ್ಷ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅಮ್ಮ ಹೆರಿಗೆಗೆಂದು ಮಾರ್ಚಿನಲ್ಲೇ ಅಜ್ಜಿಮನೆಗೆ ಹೋಗಿದ್ದಳು. ಪರೀಕ್ಷೆ ಮುಗಿದ ಮೇಲೆ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಮಾತಾಗಿತ್ತು. ಅಪ್ಪ ನೌಪಾಡಾದ ಒಂದು ಹೋಟೆಲಿನ ಕೌಂಟರ್ ನೋಡಿಕೊಳ್ಳುತ್ತಿದ್ದರು. ಊರಿಗೆ ಹೋದ ಅಡುಗೆಯವರು ಹೇಳಿದ ದಿನಕ್ಕೆ ಬರಲಿಲ್ಲ, ಅಪ್ಪನಿಗೆ ರಜೆ ಸಿಗಲಿಲ್ಲ. ಮುಂದಿನ ವಾರ, ಮುಂದಿನ ವಾರ ಎನ್ನುತ್ತ ಅರ್ಧ ಮೇ ಕಳೆಯಿತು.

ನಮ್ಮದು ಮೇಲಿನ ಮಹಡಿ, ಎರಡೇ ಕೋಣೆ. ಅಪ್ಪ ಬೆಳಿಗ್ಗೆ ಲೋಕಲ್ ರೈಲು ಹಿಡಿದರೆ ಬರುವುದು ಕತ್ತಲಾದ ಮೇಲೆ. ಎದುರು ಮನೆಯ ಮರಾಠಿ ಹೆಂಗಸು ಸುಲಭಾ ಕಾಕು ನನ್ನ ಮೇಲೆ ಒಂದು ಕಣ್ಣಿಟ್ಟಿರಬೇಕು ಎಂಬ ಏರ್ಪಾಡು. ಆದರೆ ಊಟವಾದ ಮೇಲೆ ನಾಲ್ಕು ಗಂಟೆಯವರೆಗೆ ಆ ಕಣ್ಣು ಗಟ್ಟಿಯಾಗಿ ಮುಚ್ಚಿರುತ್ತಿತ್ತು. ಆ ಹೊತ್ತಿನಲ್ಲಿ ಇಡೀ ಮಹಡಿಯಲ್ಲಿ ಎಚ್ಚರವಿರುವವಳು ನಾನೊಬ್ಬಳೇ. ಕೇರಂ ಬೋರ್ಡಿನ ಎರಡೂ ಕಡೆ ನಾನೇ ಕೂತು ಆಡುತ್ತಿದ್ದೆ, ನಾನೇ ಮೋಸ ಮಾಡುತ್ತಿದ್ದೆ, ನಾನೇ ಜಗಳವಾಡುತ್ತಿದ್ದೆ. ಆಮೇಲೆ ಕಿಟಕಿಯ ಹತ್ತಿರ ಕೂತು ಗೇಟು ನೋಡುತ್ತಿದ್ದೆ. ಬಿಸಿಲು ಬಿಟ್ಟರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಬೇಸರ ಎಂದು ಅಪ್ಪನಿಗೆ ಹೇಳುತ್ತಿದ್ದೆ, ಆದರೆ ಅದು ಹೆದರಿಕೆಯೇ ಆಗಿತ್ತು.

ಅಪ್ಪನಿಗೆ ಅದು ತಿಳಿದಿತ್ತೆಂದು ಕಾಣುತ್ತದೆ. ಒಂದು ಸಂಜೆ ಹೋಟೆಲಿನಿಂದ ತೆಗೆದುಹಾಕಿದ ಹಳೆಯ ಟೇಬಲ್ ಫ್ಯಾನನ್ನು ಹೆಗಲ ಮೇಲೆ ಹೊತ್ತು ತಂದರು. ಕಬ್ಬಿಣದ್ದು, ಅದಕ್ಕೆ ವಡೆ ಕರಿದ ಎಣ್ಣೆಯ ವಾಸನೆ. ಅದರ ಪ್ಲಗ್ ಮೂರು ಪಿನ್ನಿನದು. ಮೂರು ತೂತಿನ ಸಾಕೆಟ್ ನಮ್ಮ ಅಡುಗೆಮನೆಯಲ್ಲಿ, ಅಮ್ಮನ ಗ್ರೈಂಡರಿಗೆಂದು ಹಾಕಿಸಿದ್ದು, ಒಂದೇ ಇತ್ತು. ಹೊರಗಿನ ಕೋಣೆಯಲ್ಲಿ ಇದ್ದದ್ದು ಎರಡು ತೂತಿನದು.

ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅಡುಗೆಮನೆಯಲ್ಲಿ ಇಟ್ರೆ ನಿಂಗೆ ಗೇಟ್ ಕಾಣ್ಲಿಕ್ಕಿಲ್ಲ ಅಲ್ವಾ?" ಎಂದರು. ನಾನು ಹೌದೆಂದೆ. ಅಷ್ಟೇ, ಇಕ್ಕಳ ಬಂತು, ಹಳೆಯ ಪ್ಲಗ್ ಕಳಚಿತು. ಹೊಸ ಎರಡು ಪಿನ್ನಿನ ಪ್ಲಗ್ಗಿಗೆ ಕೆಂಪು ವೈರು, ಕಪ್ಪು ವೈರು ಸೇರಿದವು. ಉಳಿದ ಹಸಿರು ವೈರಿಗೆ ಅಪ್ಪ ಟೇಪು ಸುತ್ತಿ ಮಡಚಿಟ್ಟರು. ಅದೇಕೆ ಬೇಡ ಎಂದು ಕೇಳಿದ್ದಕ್ಕೆ, ಫ್ಯಾನು ತಿರುಗಲು ಎರಡೇ ಸಾಕು, ಅದು ಸುಮ್ಮನೆ ಎಂದರು. ಆಗ ಎಲ್ಲರೂ ಹೀಗೇ ಮಾಡುತ್ತಿದ್ದರು.

ಫ್ಯಾನು ಬಂದ ಮೇಲೆ ನನಗೊಂದು ಜೊತೆಯಾಯಿತು. ಅದರ ಮುಂದೆ ಬಾಯಿ ತೆರೆದು "ಅಮ್ಮಾ" ಎಂದರೆ, ಆ ಕೂಗು ತುಂಡುತುಂಡಾಗಿ ನನ್ನ ಕಿವಿಗೇ ವಾಪಸ್ಸು ಬರುತ್ತಿತ್ತು. ಬೇರೆ ಯಾರೋ ಮಾತಾಡಿದ ಹಾಗಿರುತ್ತಿತ್ತು. ನಾನು ಅದಕ್ಕೆ ಪರೀಕ್ಷೆಯ ಸುದ್ದಿ ಹೇಳಿದೆ, ಏಪ್ರಿಲಿನಲ್ಲಿ ಊರಲ್ಲಿ ಹುಟ್ಟಿದ್ದ ತಮ್ಮನ ಮೇಲೆ ಚಾಡಿ ಹೇಳಿದೆ. ಲೋಡ್ ಶೆಡ್ಡಿಂಗಿಗೆ ಕರೆಂಟು ಹೋಗಿ ಅದು ನಿಂತರೆ ಅಳು ಬರುತ್ತಿತ್ತು.

ಮೊದಲನೆಯ ದಿನವೇ ಅದನ್ನು ತಿರುಗಿಸಲು ಹಿಡಿದಾಗ ಮೊಣಕೈಯವರೆಗೆ ಜುಮ್ಮೆಂದಿತ್ತು. ನೆಲ ಒರೆಸಿದ ದಿನ ಇನ್ನೂ ಜೋರು. ನಾನು ಯಾರಿಗೂ ಹೇಳಲಿಲ್ಲ. ಪಕ್ಕದ ಊರು ಕಲ್ಯಾಣದ ಅಂಗಡಿಗೆ ರಿಪೇರಿಗೆ ಹೋದ ನಮ್ಮ ಟೇಪ್‌ರೆಕಾರ್ಡರ್ ಮತ್ತೆ ಮನೆಯ ಮುಖ ನೋಡಿರಲಿಲ್ಲ. ಫ್ಯಾನೂ ಹಾಗೆ ಹೋದರೆ? ಬಾಗಿಲ ಬಳಿ ಅಮ್ಮನ ನೀಲಿ ಹವಾಯಿ ಚಪ್ಪಲಿ ಇತ್ತು. ಅದನ್ನು ಮೆಟ್ಟಿ ನಿಂತು ಮುಟ್ಟಿದರೆ ಏನೂ ಆಗುತ್ತಿರಲಿಲ್ಲ. ಮನೆಯೊಳಗೆ ಚಪ್ಪಲಿ ಹಾಕಿದರೆ ಅಮ್ಮ ಬೈಯುತ್ತಿದ್ದಳು, ಆದರೆ ಬೈಯಲು ಅವಳೆಲ್ಲಿದ್ದಳು. ದಿನಾ ಮಧ್ಯಾಹ್ನ ಅಮ್ಮನ ದೊಡ್ಡ ಚಪ್ಪಲಿಯಲ್ಲಿ ನಿಂತು ಫ್ಯಾನಿನ ಹತ್ತಿರ ಮಾತಾಡುತ್ತಿದ್ದೆ.

ಹೀಗೆ ಹನ್ನೆರಡು ದಿನ ನಡೆಯಿತು. ಒಂದು ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ, ಒದ್ದೆ ಕಾಲಲ್ಲೇ ಬಂದು ಫ್ಯಾನಿಗೆ ಕೈ ಹಾಕಿದರು. ಒಂದು ವಿಚಿತ್ರ ಸದ್ದು ಅವರ ಗಂಟಲಿನಿಂದ ಬಂತು. ಫ್ಯಾನು ಮಗುಚಿತು, ಆ ರಭಸಕ್ಕೆ ಪ್ಲಗ್ ಕಿತ್ತು ಬಂತು. ಅದೇ ಅವರನ್ನು ಉಳಿಸಿದ್ದು. ಅಪ್ಪ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನಾನು ಓಡಿಹೋಗಿ ಅಮ್ಮನ ಚಪ್ಪಲಿ ತಂದು ಅವರ ಮುಂದಿಟ್ಟೆ.

"ಇದನ್ನು ಹಾಕ್ಕೊಂಡ್ರೆ ಹೊಡೆಯುದಿಲ್ಲ ಅಪ್ಪ."

ಅಪ್ಪ ಚಪ್ಪಲಿ ನೋಡಿದರು, ನನ್ನನ್ನು ನೋಡಿದರು.

"ನಿಂಗೆ ಮೊದಲೇ ಗೊತ್ತಿತ್ತಾ?"

"ಹ್ಞೂಂ."

"ಹೇಳ್ಲಿಕ್ಕೆ ಏನಾಗಿತ್ತು ಮಗಾ?"

"ಹೇಳಿದ್ರೆ ನೀವು ಅದನ್ನ ಕೊಂಡೋಗ್ತೀರಿ ಅಂತ."

ಅಪ್ಪ ಬೈಯಲಿಲ್ಲ. ನನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು, ಅಲ್ಲಿ ಏನಾದರೂ ಬರೆದಿದೆಯೋ ಎಂಬಂತೆ. ಆ ದಿನ ಅವರು ಹೋಟೆಲಿಗೆ ತಡವಾಗಿ ಹೋದರು. ಸ್ಟೇಶನ್ ರಸ್ತೆಯ ಎಲೆಕ್ಟ್ರಿಶಿಯನ್ ಬಂದು, ಒಳಗೆ ಸುಲಿದುಹೋಗಿದ್ದ ವೈರನ್ನು ಬದಲಾಯಿಸಿ, ಹಸಿರು ವೈರನ್ನು ಮತ್ತೆ ಮೂರು ಪಿನ್ನಿನ ಪ್ಲಗ್ಗಿಗೆ ಸೇರಿಸಿದ. ಈ ಹಸಿರು ವೈರೇ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್, ಹೊರಗಿನ ಕೋಣೆಗೆ ಅದನ್ನು ಎಳೆದೇ ಇಲ್ಲ ಎಂದು ಹೇಳಿ ಅಪ್ಪನ ಇಕ್ಕಳಕ್ಕೆ ಎರಡು ಮಾತೂ ಅಂದುಹೋದ. ಫ್ಯಾನು ಅಡುಗೆಮನೆ ಸೇರಿತು. ಅಲ್ಲಿಂದ ಗೇಟು ಕಾಣುತ್ತಿರಲಿಲ್ಲ.

ಮರುದಿನ ನಾಲ್ಕು ಗಂಟೆಗೆ ಸುಲಭಾ ಕಾಕು ಬಾಗಿಲು ತಟ್ಟಿ, ನಮ್ಮ ಮನೆಗೆ ನಿನಗೊಂದು ಫೋನು ಬಂದಿದೆ ಎಂದರು. ನನಗೆ ಅದುವರೆಗೆ ಯಾರೂ ಫೋನು ಮಾಡಿರಲಿಲ್ಲ. ರಿಸೀವರಿನಲ್ಲಿ ಹೋಟೆಲಿನ ಲೋಟ ತಟ್ಟೆಗಳ ಸದ್ದು, ನಡುವೆ ಅಪ್ಪ: "ಅರ್ಥಿಂಗ್ ಸರಿ ಉಂಟಾ? ಜುಮ್ ಅನ್ನುದಿಲ್ಲ ಅಲ್ವಾ?" ಇಲ್ಲ ಎಂದೆ. ಇಟ್ಟುಬಿಟ್ಟರು. ಅದರ ಮರುದಿನವೂ ನಾಲ್ಕಕ್ಕೆ ಅದೇ ಪ್ರಶ್ನೆ, ಅದೇ ಉತ್ತರ. ಜೂನಿನಲ್ಲಿ ಅಮ್ಮ ತಮ್ಮನನ್ನು ಎತ್ತಿಕೊಂಡು ಬರುವವರೆಗೆ ಒಂದು ದಿನವೂ ತಪ್ಪಲಿಲ್ಲ. ನಾನು ಮೂರು ಗಂಟೆಯಿಂದಲೇ ಕಾಕುವಿನ ಬಾಗಿಲಿಗೆ ಕಿವಿಕೊಟ್ಟು ಕೂತಿರುತ್ತಿದ್ದೆ.

ಅಪ್ಪನಿಗೆ ಹೇಗಿದ್ದೀ ಎಂದು ಕೇಳಲು ಕೊನೆಯವರೆಗೂ ಬರಲಿಲ್ಲ. ನನ್ನ ಮದುವೆಯಾದ ಮೇಲೆ ಫ್ರಿಜ್ ಬಂದಾಗ, ವಾಷಿಂಗ್ ಮಷೀನ್ ಬಂದಾಗ, ಗಂಡನ ಜೊತೆ ಮುನಿಸಿಕೊಂಡು ನಾನು ಸುಮ್ಮನಿದ್ದಾಗಲೂ ಫೋನಿನಲ್ಲಿ ಕೇಳಿದ್ದು ಅದನ್ನೇ, ಅರ್ಥಿಂಗ್ ಸರಿ ಉಂಟಾ ಎಂದು. ನಾನು ನಗುತ್ತಿದ್ದೆ. ಕೆಲವು ಸಲ, ಎಷ್ಟು ಸಲ ಅದನ್ನೇ ಕೇಳುತ್ತೀರಿ ಎಂದು ರೇಗಿದ್ದೂ ಉಂಟು.

ಅಪ್ಪ ಹೋಗಿ ಎರಡು ವರ್ಷವಾಯಿತು. ಈಚೆಗೆ ವರ್ತಕ ನಗರದ ನಮ್ಮ ಮನೆಗೆ ಹೊಸ ವೈರಿಂಗ್ ಮಾಡಿಸಿದೆ. ಕೆಲಸದವನು ಒಂದೊಂದು ಬೋರ್ಡಿನ ಮುಂದೆಯೂ ನಿಂತು ಎರಡು ಪಿನ್ನೋ ಮೂರು ಪಿನ್ನೋ ಎಂದು ಕೇಳಿದ. ಫೋನು ಚಾರ್ಜಿಗಿಡುವ ಮೂಲೆಯನ್ನೂ ಬಿಡದೆ ಎಲ್ಲ ಕಡೆ ಮೂರು ಎಂದೆ. ಅವನು ಹೋದ ಮೇಲೆ ಮನೆಯೆಲ್ಲ ತಿರುಗಿ, ಫ್ರಿಜ್ಜಿನ ಮೇಲೆ, ಮಷೀನಿನ ಮೇಲೆ ಒದ್ದೆ ಕೈಯಿಟ್ಟು ನೋಡಿದೆ. ಎಲ್ಲೂ ಜುಮ್ಮೆನ್ನಲಿಲ್ಲ. ಗಡಿಯಾರದಲ್ಲಿ ನಾಲ್ಕಾಗಿತ್ತು. ಎಲ್ಲ ಸರಿ ಉಂಟು ಅಪ್ಪ ಎಂದು ಹೇಳಬೇಕಿತ್ತು, ಯಾರೂ ಕೇಳಲಿಲ್ಲ.