ಐಪು, ಐಪ್ರು

ನಮ್ಮ ಅರಕಲಗೂಡಿನ ರುದ್ರಯ್ಯನವರು ಮೂವತ್ತೊಂದು ವರ್ಷ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್ ಆಗಿದ್ದವರು. ಡಾಕ್ಟರು ತೀರಿಕೊಂಡು ಕ್ಲಿನಿಕ್ ಮುಚ್ಚಿದ ಮೇಲೆ ನನ್ನ ಮೆಡಿಕಲ್ ಸ್ಟೋರಿನ ಬೆಂಚಿಗೆ ಬಂದು ಕೂತರು. ನಾನೇನೂ ಕರೆದವನಲ್ಲ. ಆದರೂ ನನ್ನ ಗಿರಾಕಿಗಳಿಗಿಂತ ಅವರನ್ನು ಕೇಳಿಕೊಂಡು ಬರುವವರೇ ಹೆಚ್ಚಾದರು.

ಹಾಸನದ ಆಸ್ಪತ್ರೆಗಳಿಗೆ ಹೋದವರು ಕೈಯಲ್ಲೊಂದು ರಿಪೋರ್ಟ್ ಹಿಡಿದು ಹಿಂತಿರುಗುತ್ತಾರೆ. ಅದರಲ್ಲಿ ಏನು ಬರೆದಿದೆ ಎಂದು ಬಿಡಿಸಿ ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ತನ್ನ ಕಾಯಿಲೆ ಏನೆಂದು ತನಗೇ ತಿಳಿಯದೆ ಮನುಷ್ಯ ಸಾಯಬೇಕೆ?

ರುದ್ರಯ್ಯನವರು ಓದಿದ್ದು ಎಂಟನೇ ಕ್ಲಾಸು. ಆದರೆ ಡಾಕ್ಟರು ಅವರಿಗೊಂದು ಗುಟ್ಟು ಹೇಳಿಕೊಟ್ಟಿದ್ದರು. ಈ ಉದ್ದುದ್ದ ಪದಗಳಿಗೆಲ್ಲ ಗ್ರೀಕಿನಿಂದ ತಂದು ಕೂರಿಸಿದ ತಲೆಗಳಿವೆ, ತಲೆಯ ಗುರುತು ಹಿಡಿದರೆ ಅರ್ಧ ಕಾಯಿಲೆ ಗೊತ್ತಾದ ಹಾಗೆ. ಟ್ಯಾಕಿ ಅಂದರೆ ಬಿರುಸು, ಬ್ರಾಡಿ ಅಂದರೆ ನಿಧಾನ, ಹೈಪರ್ ಅಂದರೆ ಹೆಚ್ಚು, ಹೈಪೋ ಅಂದರೆ ಕಡಿಮೆ. ಬ್ರಾಡಿಕಾರ್ಡಿಯಾ ಎಂದು ಬರೆಸಿಕೊಂಡು ಅಳುತ್ತಾ ಬಂದ ಗುರುಸಿದ್ದಮ್ಮನಿಗೆ "ನಿನ್ ಗುಂಡ್ಗೆ ವಸಿ ಸೋಂಬೇರಿ ಕಣವ್ವ, ಅಷ್ಟೇಯ" ಎಂದು ಹೇಳಿ ನಗಿಸಿ ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ನಾಲಿಗೆ ಮಾತ್ರ ಅಪ್ಪಟ ನಮ್ಮೂರಿನದು, ಹಕಾರ ಹೊರಡದು. ಅವರ ಬಾಯಲ್ಲಿ ಹೈಪೋ 'ಐಪು' ಆಗುತ್ತಿತ್ತು, ಹೈಪರ್ 'ಐಪ್ರು'. ಎರಡಕ್ಕೂ ಇದ್ದ ಅಂತರ ಒಂದು ರ ಒತ್ತು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಏಕೆಂದರೆ ಪದದ ಬೆನ್ನಿಗೇ ಕನ್ನಡದ ಅರ್ಥವೂ ಬಂದುಬಿಡುತ್ತಿತ್ತು.

ಹೋದ ವರ್ಷ ಒಂದು ಶನಿವಾರ ಬೆಳಿಗ್ಗೆ ಮಲ್ಲಿಪಟ್ಟಣದಿಂದ ಮೇಘಶ್ರೀ ರುದ್ರಯ್ಯನವರಿಗೆ ಫೋನ್ ಮಾಡಿದಳು. ಬಿ.ಎಸ್ಸಿ. ಓದಿದ ಹುಡುಗಿ, ಮದುವೆಯಾಗಿ ಎಂಟು ತಿಂಗಳಾಗಿತ್ತು. ಅತ್ತೆ ಬೆಟ್ಟಮ್ಮನವರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಗಂಡ ಸಂಜಯ್ ಊರಲ್ಲಿರಲಿಲ್ಲ. ರುದ್ರಯ್ಯನವರಿಗೆ ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿದ್ದರು, ನಾನು ಪಕ್ಕದಲ್ಲೇ ಇದ್ದೆ.

"ತಾತ, ಅತ್ತೆ ಸೂಜಿ ಆಕ್ಕಂಡು, ಶನಿವಾರ ಒಪ್ಪತ್ತು ಅಂತ ಏನೂ ತಿಂದಿಲ್ಲ. ಮೈಯೆಲ್ಲಾ ಬೆವರು, ಕೈ ನಡುಗ್ತೈತೆ. ಶುಗರ್ ನೋಡೋ ಮಿಷಿನ್‌ಗೆ ಸ್ಟ್ರಿಪ್ ಇಲ್ಲ. ಆಸ್ಪತ್ರೆ ಕಾರ್ಡಲ್ಲಿ ಹೈಪೋ ಆದ್ರೆ ಸಕ್ರೆ, ಹೈಪರ್ ಆದ್ರೆ ಇನ್ನೊಂದು ಸೂಜಿ ಅಂತ ಬರ್ದವ್ರೆ. ಇದ್ಯಾವ್ದು?"

ಓದಿದವಳು ಓದಿದವರ ಮಾತಿನಲ್ಲೇ ಕೇಳಿದ್ದಳು. ರುದ್ರಯ್ಯನವರ ಮುಖ ಅರಳಿತು. ತಾವೂ ಅದೇ ಗತ್ತಿನಲ್ಲಿ ಉತ್ತರ ಕೊಟ್ಟರು.

"ಐಪು ಕಣವ್ವ, ಐಪು! ಕಾರ್ಡಲ್ಲಿರಂಗೆ ಬಿರ್ನೆ ಮಾಡು."

"ಸರಿ ತಾತ" ಎಂದಳು. ಲೈನು ಕಟ್ಟಾಯಿತು.

ಅವಳು ಕೇಳಿಸಿಕೊಂಡದ್ದು ಹೈಪರ್. ಇನ್ನೊಂದು ಸೂಜಿ ಹಾಕಿದಳು. ಹಾಸನ ಮುಟ್ಟುವ ಮೊದಲೇ ಪ್ರಜ್ಞೆ ತಪ್ಪಿದ ಬೆಟ್ಟಮ್ಮನವರು ಮೂರನೇ ದಿನ ತೀರಿಕೊಂಡರು. ಸಕ್ಕರೆ ಪಾತಾಳಕ್ಕೆ ಇಳಿದಿದ್ದಾಗ ಇನ್ಸುಲಿನ್ ಕೊಟ್ಟವರು ಯಾರು ಎಂದು ಆಸ್ಪತ್ರೆಯಲ್ಲಿ ಕೇಳಿದರಂತೆ.

ತಿಥಿ ಮುಗಿದ ಮಾರನೆಯ ದಿನ ಸಂಜಯ್ ಅಂಗಡಿಗೆ ಬಂದ. ಹಿಂದೆ ಮೇಘಶ್ರೀ ಇದ್ದಳು. ಅವಳು ತಲೆ ಎತ್ತಲಿಲ್ಲ. ಆ ಹನ್ನೊಂದು ದಿನ ಮನೆಯಲ್ಲಿ ಅವಳನ್ನು ಏನೇನು ಅಂದಿದ್ದರೋ, ಹುಡುಗಿ ಅರ್ಧ ಆಗಿದ್ದಳು.

"ನೀವು ಐಪರ್ ಅಂದ್ರಿ ಅಂತಾಳೆ ಇವ್ಳು. ನಿಜ ಏಳಿ ರುದ್ರಯ್ನೋರೆ. ಸುಳ್ಳಾಗಿದ್ರೆ ಇವತ್ತೇ ಇವ್ಳ್ನ ಅಪ್ಪನ ಮನೇಗೆ ಬಿಟ್ಬತ್ತೀನಿ. ನಮ್ಮವ್ವನ್ನ ಕೊಂದೋಳ ಕೈಲಿ ನಾನು ಉಣ್ಣಕ್ಕಿಲ್ಲ."

ಐಪು ಅಂದದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು. ಹೇಳಲೆಂದು ಬಾಯಿ ತೆರೆದೆ. ರುದ್ರಯ್ಯನವರು ನನ್ನ ತೋಳನ್ನು ಬಲವಾಗಿ ಅದುಮಿ ಎದ್ದು ನಿಂತರು.

"ಐಪ್ರು ಅಂತ್ಲೇ ಅಂದೆ ಕಣಪ್ಪ. ಮಗೀದೇನೂ ತಪ್ಪಿಲ್ಲ."

ಸಂಜಯನ ಬಾಯಿಂದ ಮರ್ಯಾದೆ ಅಲ್ಲಿಗೆ ಹಾರಿಹೋಯಿತು. "ಎಂಟ್ನೇ ಕ್ಲಾಸ್ ಓದ್ಕಂಡು ಡಾಕ್ಟ್ರಾಗಕ್ಕೆ ಓಗ್ತೀಯೇನ್ಲಾ ಮುದ್ಕ!" ಎಂದು ಕೊರಳಪಟ್ಟಿ ಹಿಡಿದು ಬೀದಿಗೆ ನೂಕಿದ. ದಾರಿಹೋಕರೆಲ್ಲ ನಿಂತು ನೋಡಿದರು. ನಾನು ಅಡ್ಡ ಹೋಗಿ ಬಿಡಿಸಿದೆ. ಸತ್ಯ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಆ ಹುಡುಗಿಯ ಬಾಳು ಅಲ್ಲೇ ಮುಗಿಯುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಂದಿನಿಂದ ಯಾರೂ ರಿಪೋರ್ಟ್ ಹಿಡಿದು ಬರಲಿಲ್ಲ. ರುದ್ರಯ್ಯನವರೂ ಅಂಗಡಿಯ ಕಡೆ ತಲೆ ಹಾಕಲಿಲ್ಲ. ವಾರ ಕಳೆದ ಮೇಲೆ ಅವರ ಮನೆಗೇ ಹೋಗಿ ಜಗಳ ತೆಗೆದೆ.

"ಆಡದೇ ಇರೋ ಮಾತ್ನ ಯಾಕ್ರೀ ಒಪ್ಕಂಡ್ರಿ? ತಪ್ಪು ಕೇಳಿಸ್ಕಂಡೋಳು ಅವಳಲ್ವಾ?"

ಅವರು ಟವೆಲಿನಿಂದ ಮುಖ ಮುಚ್ಚಿಕೊಂಡು ಅಳುತ್ತಲೇ ಹೇಳಿದರು.

"ಸಕ್ರೆ ಕೊಡವ್ವ ಅಂದಿದ್ರೆ ಸಾಕಾಗಿತ್ತಲ್ಲಪ್ಪ."