ಕಪ್ಪು ಬಟ್ಟೆಯ ಒಳಗೆ

ಅವರ ಬಲಗೈಯ ಬೆರಳ ತುದಿಗಳು ಸದಾ ಕಪ್ಪಗಿರುತ್ತಿದ್ದವು. ಫೋಟೋ ತೊಳೆಯುವ ಔಷಧಿ ಉಗುರಿನ ಸಂದಿಗಿಳಿದು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಹರಿಹರದಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಅವರ ಸ್ಟುಡಿಯೋ ಇತ್ತು. ಊರಿಗೆಲ್ಲ ಅವರು ಫೋಟೋ ಸಾಹೇಬರು, ನನಗೆ ಚಾಚಾ.

ಐವತ್ತರ ದಶಕದ ಕೊನೆ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ನಾನು ತವರಿಗೆ ಮರಳಿದ್ದೆ. ಅಡುಗೆಮನೆ, ಹಿತ್ತಲು, ಅಷ್ಟೇ ನನ್ನ ಲೋಕ. ಒಂದು ದಿನ ಚಾಚಾ ಹಿತ್ತಲ ಗೋಡೆಯಾಚೆಯಿಂದ ಅವ್ವನನ್ನು ಕೇಳಿದರು: "ದಾವಣಗೆರೆ ಕಣ್ಣಿನ ಡಾಕ್ಟರ್ ಹತ್ರ ಹೋಗಬೇಕು. ಮಗಳನ್ನ ಜೊತೆಗೆ ಕಳಸ್ತೀರೇನ್ರಿ? ರೈಲಿನ ಮೆಟ್ಲು ಕಾಣವಲ್ದು."

ಅವ್ವ ಹೂಂ ಅಂದಳು.

ಡಾಕ್ಟರು ದೀಪ ಹಿಡಿದು ನೋಡಿ, ಕಣ್ಣಿನ ನರ ಸಾಯುತ್ತಿದೆ, ಆಪರೇಷನ್ ಮಾಡಿಯೂ ಫಲವಿಲ್ಲ ಎಂದರು. ಮರಳುವಾಗ ಚಾಚಾ ಕಿಟಕಿಗೆ ಹಣೆ ಒತ್ತಿ ಕೂತಿದ್ದರು. ಹರಿಹರ ಹತ್ತಿರವಾದಾಗ ತಗ್ಗಿದ ದನಿಯಲ್ಲಿ ಹೇಳಿದರು: "ಯಾರಿಗೂ ಹೇಳಬ್ಯಾಡ ಬೇಟಿ. ಕುರುಡನ ಹತ್ರ ಯಾರು ಫೋಟೋ ತೆಗಸ್ತಾರ? ನನಗ ಬ್ಯಾರೆ ಕೆಲಸ ಬರಂಗಿಲ್ಲ. ನೀ ಬಂದು ನೋಡು. ನೀ ನೋಡಿದ್ದನ್ನ ನಾ ತೆಗೀತೀನಿ."

ಹಾಗೆ ನಾನು ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದೆ. ಕ್ಯಾಮೆರಾದ ಹಿಂಬದಿಯ ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಮುಖಗಳನ್ನು ಸ್ಪಷ್ಟ ಮಾಡುವುದನ್ನು ಕಲಿತೆ. "ಬಂತಾ?" ಎನ್ನುವರು. "ಬಂತು" ಎಂದರೆ ಫೋಟೋ ಮೂಡುವ ಪ್ಲೇಟು ಹಾಕಿ, "ಅಲುಗಾಡಬ್ಯಾಡ್ರಿ" ಎಂದು ಗಿರಾಕಿಗಳಿಗೆ ಗದರುವರು. ನೋಡಿದವರಿಗೆ ಅವರೇ ಯಜಮಾನ. ಜನ ಹೋದ ಮೇಲೆ ಕುರ್ಚಿಗೆ ಕುಸಿದು ಕೂರುತ್ತಿದ್ದರು.

ಒಂದು ಮಧ್ಯಾಹ್ನ ಗುತ್ತೂರಿನಿಂದ ಕರೆ ಬಂತು. ಅಲ್ಲೊಂದು ಮನೆಯ ಒಬ್ಬಳೇ ಮಗಳು ಜ್ವರ ಬಂದು ತೀರಿಕೊಂಡಿದ್ದಳು. ಬದುಕಿದ್ದಾಗ ತೆಗೆಸಿದ ಒಂದು ಫೋಟೋವೂ ಇರಲಿಲ್ಲ. ಮಗುವನ್ನು ಅಂಗಳದ ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಚಾಚಾ ಕೆನ್ನೆ ಸವರಿ ದಿಕ್ಕು ತಿಳಿದುಕೊಂಡು, ಮುಖವನ್ನು ಬಿಸಿಲಿನತ್ತ ತಿರುಗಿಸಿದರು. ಬಟ್ಟೆಯೊಳಗೆ ನಾನು ಬಿಕ್ಕಿದೆ. ಅವರು ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ಆಮೇಲೆ ಅಳು. ಈಗ ಕಣ್ಣು ತುಂಬಿದ್ರ ಆ ತಾಯಿಗೆ ಮಗಳ ಮುಖ ಸಿಗಂಗಿಲ್ಲ."

ಫೋಟೋ ಒಯ್ಯಲು ಬಂದ ತಾಯಿ ಲಕೋಟೆ ಬಿಚ್ಚಲೇ ಇಲ್ಲ. "ನಂಗೆ ನೋಡಾಕೆ ಧೈರ್ಯ ಇಲ್ರಿ. ಹೆಂಗೆ ಬಂದೈತೆ, ನೀವೇ ನೋಡಿ ಹೇಳ್ರಿ" ಎಂದು ಚಾಚಾನ ಕೈಗೇ ಕೊಟ್ಟಳು. ಅವರು ಫೋಟೋ ಹೊರತೆಗೆದು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡುವವರಂತೆ ನಿಂತರು. "ನಿದ್ದಿ ಮಾಡ್ದಂಗ ಐತೆ ತಾಯಿ. ಇನ್ನೇನು ಏಳ್ತಾಳ ಅನ್ನಂಗ" ಎಂದರು.

ಅವಳು ಹೋದ ಮೇಲೆ ನನ್ನನ್ನು ಕೇಳಿದರು, "ನಾ ಹೇಳಿದ್ದು ಖರೇನಾ?"

"ಹೌದು ಚಾಚಾ."

ಅಂದು ಮೊದಲ ಸಲ ಅವರು ಅತ್ತದ್ದನ್ನು ಕಂಡೆ.

ಕೊನೆಗೆ ಬೆಳಕು ಬಂದದ್ದೂ ಹೋದದ್ದೂ ಅವರಿಗೆ ತಿಳಿಯದಾಯಿತು. ದಾವಣಗೆರೆಗೆ ಮದುವೆಯಾಗಿ ಹೋಗಿದ್ದ ಅವರ ಮಗಳು ಬಂದು ಕರೆದೊಯ್ದಳು. ಸ್ಟುಡಿಯೋವನ್ನು ನನಗೆ ಬಿಟ್ಟರು. ವಿಧವೆ ಫೋಟೋ ತೆಗೆಯುವುದೇ ಎಂದು ಕೆಲವರು ಆಡಿಕೊಂಡರು; ಅವರೇ ಆಮೇಲೆ ಮಕ್ಕಳನ್ನು ಕರೆತಂದು ಕೂರಿಸಿದರು. ಅದೇ ನನಗೆ ಅನ್ನ ಹಾಕಿತು.

ಚಾಚಾ ತೀರಿಕೊಂಡ ಸುದ್ದಿ ತಿಳಿದು ದಾವಣಗೆರೆಗೆ ಓಡಿದಾಗ ಮಣ್ಣು ಮಾಡಿಯಾಗಿತ್ತು. ಮಗಳು ನನ್ನ ಕೈ ಹಿಡಿದು ಹೇಳಿದಳು: "ದಿನಾ ಎದ್ದ ಕೂಡ್ಲೆ ಒಂದೇ ಮಾತು ಕೇಳೋರು, ಬೇಟಿ ಅಂಗಡಿ ತೆಗೆದಿರ್ತಾಳಲ್ಲ ಅಂತ. ಇವತ್ತೂ ಕೇಳಿದ್ರು."

ಆ ದಿನ ಬೆಳಿಗ್ಗೆ ನಾನು ಅಂಗಡಿ ತೆಗೆದಿದ್ದೆ.